ಹದಿನಾಲ್ಕು ಕುರ್ಚಿಗಳ ಬಸ್ಸು

ನಮ್ಮ ನಾಟಕ ಸಂಘದ ಅಕ್ಕ ಮೂವತ್ತು ವರ್ಷದಲ್ಲಿ ನಲವತ್ತೊಂದು ನಾಟಕ ದಡ ಸೇರಿಸಿದವರು, ಒಂದನ್ನೂ ನೋಡಿದವರಲ್ಲ. ರಂಗದ ಎಡಗಡೆ, ಪರದೆಯ ಹಿಂದೆ ಒಂದು ಸ್ಟೂಲು. ಅದು ಅವರ ಜಾಗ. ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಪುಟ್ಟ ಟಾರ್ಚು. ನಾವು ಮಾತು ಮರೆತು ಬಾಯಿ ಬಿಟ್ಟುಕೊಂಡು ನಿಂತಾಗ ಅಲ್ಲಿಂದಲೇ ಪಿಸುಗುಟ್ಟಿ ಮಾನ ಉಳಿಸುತ್ತಾರೆ. ಹಗಲು ಹೊತ್ತು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ: ಶಾಲೆಯ ಪ್ರಶ್ನೆಪತ್ರಿಕೆ, ಔಷಧಿ ಡಬ್ಬಿಯ ಚೀಟಿ, ಯಾರನ್ನೋ ಹೊಗಳುವ ಸನ್ಮಾನ ಪತ್ರ. ಸಂಜೆಯಾದರೆ ನಮ್ಮ ತಪ್ಪುಗಳು.

ಆ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹೀರೋನದು. ಚಪ್ಪಲಿ ಅಂಗಡಿ ಇಟ್ಟಿರುವ ಈ ಮಹಾಶಯನಿಗೆ ಐವತ್ತೆರಡು. ರಂಗದ ಮೇಲೆ ಇನ್ನೂ ಇಪ್ಪತ್ತೈದು ದಾಟಿಲ್ಲ. ಮಾತು ಮರೆಯುವುದರಲ್ಲಿ ಎತ್ತಿದ ಕೈ. ಮರೆತ ಕೂಡಲೇ ಗಾಢವಾಗಿ ಯೋಚಿಸುವವನಂತೆ ಎಡಗಿವಿಯನ್ನು ಪರದೆಯ ಕಡೆ ತಿರುಗಿಸುತ್ತಾನೆ. ಅಕ್ಕ ಪಿಸುಗುಟ್ಟಿದ್ದನ್ನು, ಅರ್ಥದ ಗೊಡವೆಗೆ ಹೋಗದೆ, ಬಲಗೈ ಚಾಚಿ ಗಟ್ಟಿಯಾಗಿ ಹೇಳುತ್ತಾನೆ. ಒಮ್ಮೆ ಪ್ರೇಮದ ದೃಶ್ಯದ ನಡುವೆ ಪರದೆಯ ಹಿಂದೆ ಬೆಕ್ಕು ಬಂದಿತ್ತು. ಅಕ್ಕ ಅದಕ್ಕೆ, "ಥೂ, ಆಚೆ ಹೋಗು" ಎಂದರು. ಹೀರೋ ನಾಯಕಿಯ ಮುಂದೆ ಮಂಡಿಯೂರಿ, ಕೈ ಚಾಚಿ, "ಥೂ, ಆಚೆ ಹೋಗು!" ಎಂದ. ನಾಯಕಿ ಅವನ ಹೆಂಡತಿಯೇ. ಹೊರಟೇಬಿಟ್ಟಳು. ಆ ಬೆಕ್ಕಿನ ಕಥೆಯನ್ನು ನಾವು ಇವತ್ತಿಗೂ ಬಿಟ್ಟಿಲ್ಲ.

ನಾನು ದೂತ. "ಪ್ರಭು, ಶತ್ರುಗಳು ಬಾಗಿಲಿಗೆ ಬಂದಿದ್ದಾರೆ" ಎನ್ನುವಷ್ಟು ನನ್ನ ಪಾಲಿನ ಕಲೆ. ಅದನ್ನೂ ಎರಡು ಸಲ ಮರೆತಿದ್ದೇನೆ. ಆದ್ದರಿಂದ ಹೀರೋನನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ, ಆಡಿಕೊಳ್ಳುತ್ತೇನೆ ಅಷ್ಟೆ.

ಕಳೆದ ಚಳಿಗಾಲದ ನಾಟಕ ಮುಗಿದ ಮೇಲೆ, ನಾವೆಲ್ಲ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಅಕ್ಕ ಹೇಳಿದರು:

"ಒಂದೇ ಒಂದು ನಾಟಕಾನ ಮುಂದ್ಗಡೆ ಕೂತು ನೋಡ್ಬೇಕು ಕಣ್ರೋ. ಮೂವತ್ತು ವರ್ಷದಿಂದ ಇವನ ಎಡಗಿವಿ ನೋಡಿದ್ದೇ ಬಂತು. ನೀವೆಲ್ಲ ಅಳೋದು ಕೇಳ್ಸುತ್ತೆ, ಆಗ ಮುಖ ಹೇಗಿರುತ್ತೋ ಗೊತ್ತೇ ಇಲ್ಲ. ವಸಂತದಲ್ಲಿ ದೊಡ್ಡ ನಗರದ ರಂಗಮಂದಿರದಲ್ಲಿ ಹೊಸ ನಾಟಕ ಇದೆಯಂತೆ. ಹೋಗೋಣ್ವಾ?"

ಮರುದಿನ ಅದು ಹೀರೋನ ಆಲೋಚನೆಯಾಯಿತು. ವಾರ ಕಳೆಯುವಷ್ಟರಲ್ಲಿ ಸಂಘದ ಐತಿಹಾಸಿಕ ನಿರ್ಣಯವಾಯಿತು.

ನಿರ್ಣಯವಾದ ಮೇಲೆ ಅದನ್ನು ಸುಮ್ಮನೆ ಬಿಡಲು ನಮ್ಮ ನಿರ್ದೇಶಕರೇನು ಸಾಮಾನ್ಯರೇ? ನಿವೃತ್ತ ಗಣಿತ ಮೇಷ್ಟ್ರು ಅವರು. ಜೇಬಿನಲ್ಲಿ ಈಗಲೂ ಸೀಮೆಸುಣ್ಣ. ಹಿಂದೊಮ್ಮೆ ಪಕ್ಕದ ಊರಿಗೆ ಹೋದಾಗ ಇಬ್ಬರು ಬೇರೆ ನಿಲ್ದಾಣದಲ್ಲಿ ಇಳಿದು, ಹೀರೋ ಚಹಾದ ಅಂಗಡಿಯಲ್ಲೇ ಉಳಿದು ನಾಟಕ ನಿಂತುಹೋಗಿತ್ತು. ಆ ಗಾಯ ಅವರಿಗಿನ್ನೂ ಮಾಸಿರಲಿಲ್ಲ.

"ತಾಲೀಮಿಲ್ದೆ ಯಾರೂ ಬಸ್ ಹತ್ತಕೂಡ್ದು," ಎಂದು ಆಜ್ಞೆಯಾಯಿತು.

ನಮ್ಮ ತಾಲೀಮಿನ ಕೋಣೆ ಹಿಟ್ಟಿನ ಗಿರಣಿಯ ಮೇಲಿದೆ. ಗಿರಣಿ ಓಡುವಾಗ ಇಡೀ ನೆಲ ನಡುಗುತ್ತದೆ. ಬಸ್ಸಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ನಿರ್ದೇಶಕರು ಹಿಗ್ಗಿದರು. ಸೀಮೆಸುಣ್ಣದಲ್ಲಿ ಬಾಗಿಲು ಬರೆದು, ಹಿಟ್ಟು ಮೆತ್ತಿದ ಕುರ್ಚಿಗಳನ್ನು ಎರಡು ಸಾಲು ಮಾಡಿದರು. ಯಾರು ಮೊದಲು ಹತ್ತಬೇಕು, ಯಾರ ಚೀಲ ಯಾರ ತೊಡೆಯ ಮೇಲೆ, ಎಲ್ಲವನ್ನೂ ಅಕ್ಕನೇ ಒಂದು ನೋಟ್‌ಬುಕ್ಕಿನಲ್ಲಿ ಮುದ್ದಾಗಿ ಬರೆದರು. ಹೀರೋಗೆ "ಡ್ರೈವರಣ್ಣ, ನಗರ ಬಂತೇ?" ಎಂಬ ಮಾತು ಸಿಕ್ಕಿತು. ನನಗೆ ಬಡ್ತಿ: "ಎಲ್ಲರ ಟಿಕೆಟೂ ನನ್ನ ಬಳಿ ಇದೆ." ಐದು ತಾಲೀಮು ಮಾಡಿದೆವು. ಕೊನೆಯದಕ್ಕೆ ಚೀಲ, ಸ್ವೆಟರು, ನೀರಿನ ಬಾಟಲಿ ಸಮೇತ ಬಂದು, ನಡುಗುವ ನೆಲದ ಮೇಲೆ ಒಂದೂವರೆ ಗಂಟೆ ಗಂಭೀರವಾಗಿ ಕುಳಿತೆವು. ಒಬ್ಬರಿಗೆ ನಿಜವಾಗಿಯೂ ತಲೆ ಸುತ್ತಿ ವಾಂತಿಯಾಯಿತು.

ಆ ಐದೂ ದಿನ ಅಕ್ಕ ಎಡಗಡೆಯ ಸ್ಟೂಲಿನ ಮೇಲೆ, ನೋಟ್‌ಬುಕ್ ಹಿಡಿದು ಕುಳಿತಿದ್ದರು. ಹೀರೋ "ಡ್ರೈವರಣ್ಣ" ಎಂದು ತಡವರಿಸಿದಾಗಲೆಲ್ಲ "ನಗರ ಬಂತೇ" ಎಂದು ಪಿಸುಗುಟ್ಟಿದರು.

ಬಸ್ಸಿನದೂ ನಾಟಕದ್ದೂ ಟಿಕೆಟ್ ತರುವ ಹೊಣೆ ಹೀರೋ ವಹಿಸಿಕೊಂಡ. ಕೊನೆಯ ತಾಲೀಮಿನ ದಿನ ಬೆರಳು ಮಾಡಿ ಕುರ್ಚಿ ಎಣಿಸಿದ. "ಹದಿನಾಲ್ಕು. ಸರಿನಾ ದೂತ?" ನಾನೂ ಎಣಿಸಿದೆ. ಹದಿನಾಲ್ಕೇ ಇತ್ತು. "ಸರಿ," ಎಂದೆ.

ಅಕ್ಕ ಮಾತ್ರ ಹದಿನೈದು ದಿನದಿಂದ ಹಾರಾಡುತ್ತಿದ್ದರು. ಅಚ್ಚುಕೂಟದಲ್ಲಿ ಎಂಟು ವರ್ಷದ ಮೇಲೆ ಮೊದಲ ರಜೆ ಕೇಳಿದ್ದರು. ಕನ್ನಡಕದ ಗಾಜು ಬದಲಾಯಿಸಿದ್ದರು. ಹೀರೋನ ಅಂಗಡಿಯಲ್ಲೇ ಹೊಸ ಚಪ್ಪಲಿ ಕೊಂಡಿದ್ದರು. "ದೊಡ್ಡ ಜಾಗ, ಹಳೇದು ಚರಪರ ಅನ್ನುತ್ತೆ, ಪಾಪ ನಟರಿಗೆ ತೊಂದ್ರೆ," ಎಂದಿದ್ದರು.

ಹೊರಡುವ ಬೆಳಿಗ್ಗೆ ರಸ್ತೆಬದಿಯ ಮರಗಳೆಲ್ಲ ಚಿಗುರಿ ನಿಂತಿದ್ದವು. ಅಕ್ಕ ಬಸ್ಸಿನ ಬಾಗಿಲಲ್ಲಿ ನಿಂತು ನೋಟ್‌ಬುಕ್ ನೋಡಿ ಒಬ್ಬೊಬ್ಬರನ್ನೇ ಹತ್ತಿಸಿದರು. ಯಾರೂ ಎಡವಲಿಲ್ಲ. ನಿರ್ದೇಶಕರ ಕಣ್ಣಲ್ಲಿ ನೀರೇ ಬಂತು. ಕೊನೆಗೆ ಅಕ್ಕ ಹತ್ತಿದರು. ಈ ತುದಿಯಿಂದ ಆ ತುದಿಗೆ ನೋಡಿದರು. ನೋಟ್‌ಬುಕ್ಕಿನ ಪುಟ ಹಿಂದಕ್ಕೂ ಮುಂದಕ್ಕೂ ತಿರುವಿದರು.

"ನಂದೆಲ್ಲಿ?" ಎಂದರು.

ಅವರದು ಎಲ್ಲೂ ಇರಲಿಲ್ಲ. ಉಳಿದ ಸೀಟುಗಳಲ್ಲಿ ಬೇರೆ ಪ್ರಯಾಣಿಕರಿದ್ದರು. ನಿಂತು ಬರುವ ಹಾಗಿಲ್ಲ ಎಂದು ಡ್ರೈವರ್ ಕಡ್ಡಿ ಮುರಿದಂತೆ ಹೇಳಿದ. ರಂಗಮಂದಿರದ ಟಿಕೆಟುಗಳು ಖಾಲಿಯಾಗಿ ವಾರವಾಗಿತ್ತು.

ಬಸ್ಸಿನಲ್ಲಿ ಛೆ ಛೆ ಎನ್ನದವರಿಲ್ಲ. ಎದ್ದವರೂ ಇಲ್ಲ. "ಎಂಥಾ ಅನ್ಯಾಯ!" ಎಂದು ಒಬ್ಬರು ಕುಳಿತಲ್ಲಿಂದಲೇ ಗುಡುಗಿದರು. "ಮುಂದಿನ ವಸಂತಕ್ಕೆ ಅಕ್ಕನಿಗೇ ಮೊದಲ್ನೇ ಟಿಕೆಟು," ಎಂದರು ನಿರ್ದೇಶಕರು. ನಾನು ಕಿಟಕಿಯಾಚೆಯ ಮರದ ಚಿಗುರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಇಂಥ ಗಳಿಗೆಯನ್ನು ಹೀರೋ ಬಿಡುತ್ತಾನೆಯೇ? ಎದ್ದು ನಿಂತ. ಎದೆಯುಬ್ಬಿಸಿದ.

"ಅಕ್ಕಾ! ಮೂವತ್ತು ವರ್ಷ ನಮಗಾಗಿ ಕತ್ತಲಲ್ಲಿ ಕೂತ್ರಿ. ನಿಮ್ಮ ಋಣ ನಾವು ಹೇಗೆ ತೀರಿಸೋದು? ಇವತ್ತು ನಾನು..."

ಅಷ್ಟೇ. ಮುಂದಿನ ಮಾತು ಹೊಳೆಯಲಿಲ್ಲ. ಎಡಗಿವಿ ತಾನಾಗಿಯೇ ಅಕ್ಕನ ಕಡೆ ತಿರುಗಿತು.

ಅಕ್ಕ ಒಂದು ಕ್ಷಣ ಆ ಕಿವಿಯನ್ನೇ ನೋಡಿದರು. ಆಮೇಲೆ, ಮೂವತ್ತು ವರ್ಷದ ಅದೇ ದನಿಯಲ್ಲಿ ಪಿಸುಗುಟ್ಟಿದರು:

"ಇವತ್ತು ನಾನು ಇಳೀತೀನಿ, ನನ್ನ ಜಾಗದಲ್ಲಿ ನೀವು ಹೋಗಿ ಬನ್ನಿ."

"ಇವತ್ತು ನಾನು ಇಳೀತೀನಿ!" ಹೀರೋ ಬಲಗೈ ಚಾಚಿ ಗರ್ಜಿಸಿದ. "ನನ್ನ ಜಾಗದಲ್ಲಿ ನೀವು ಹೋಗಿ ಬನ್ನಿ!"

ಮೊದಲು ಚಪ್ಪಾಳೆ ತಟ್ಟಿದವಳು ಅವನ ಹೆಂಡತಿ. ಆಮೇಲೆ ಇಡೀ ಬಸ್ಸು, ನಮ್ಮ ಗುರುತೇ ಇಲ್ಲದ ಪ್ರಯಾಣಿಕರೂ ಸೇರಿ. ಹೀರೋ ಅಭ್ಯಾಸಬಲದಿಂದ ಬಾಗಿ ವಂದಿಸಿದ. ಬಾಗಿದವನು ಏಳುವಷ್ಟರಲ್ಲಿ ತಾನು ಹೇಳಿದ್ದೇನೆಂದು ಅವನಿಗೆ ಹೊಳೆದಿರಬೇಕು, ಮುಖ ಸಣ್ಣಗಾಯಿತು. ಆದರೆ ಚಪ್ಪಾಳೆ ಬಿದ್ದ ಮಾತನ್ನು ಯಾವ ನಟ ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ? ಅವನು ಇಳಿದ. ಅಕ್ಕ ಅವನ ಸೀಟಿನಲ್ಲಿ ಕುಳಿತು, ಹೊಸ ಚಪ್ಪಲಿಯ ಕಾಲು ಚಾಚಿದರು.

ಹೀರೋ ಕಿಟಕಿಯ ಕೆಳಗೆ ಬಂದು ನಿಂತ. ಎಡಗಿವಿ ಮೇಲಕ್ಕಿತ್ತು.

"ಈಗ ಏನು ಹೇಳ್ಬೇಕು ಅಕ್ಕಾ?"

ಅಕ್ಕ ಅವನ ಮುಖವನ್ನು ಎದುರಿನಿಂದ, ಸಮಾಧಾನವಾಗಿ, ಪೂರ್ತಿ ನೋಡಿದರು. ನೋಟ್‌ಬುಕ್ಕನ್ನು ಕಿಟಕಿಯಿಂದ ಅವನ ಕೈಗಿಟ್ಟು, "ನೀನೇ ಓದ್ಕೋ," ಎಂದರು. ಬಸ್ಸು ಹೊರಟಿತು.