ಮುಖ ತಿರುಗಿಸಿದ ಅಯ್ಯಮ್ಮ

ದೇವಾಪುರದಲ್ಲಿ ಹಳೆ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊದೆಯುವ ಕೌದಿ ಹೊಲಿಯುವುದೆಂದರೆ ಅಯ್ಯಮ್ಮನೇ ಎಂಬ ಕಾಲವಿತ್ತು. ಅವಳಿಗೂ ಅದು ಗೊತ್ತಿತ್ತು, ತುಸು ಹೆಚ್ಚೇ ಗೊತ್ತಿತ್ತು. ಬೇರೆಯವರ ಹೊಲಿಗೆ ಕಂಡರೆ "ಕೋಳಿ ಕೆದರಿದಂಗ ಅದ" ಅನ್ನುತ್ತಿದ್ದಳು.

ಹೋದ ವರ್ಷ ಕೆಟ್ಟ ಜ್ವರವೊಂದು ಬಂದು ಹೋದ ಮೇಲೆ ಅವಳ ಕಣ್ಣುಗುಡ್ಡೆಗಳು ನಿಂತಲ್ಲಿ ನಿಲ್ಲದಾದವು. ಅತ್ತಿಂದಿತ್ತ ಅದುರುತ್ತಲೇ ಇರುತ್ತವೆ. ಕೈಯಲ್ಲಿನ ಸೂಜಿ ಕುಣಿಯುತ್ತದೆ, ಕಾಲ ಕೆಳಗಿನ ನೆಲ ವಾಲುತ್ತದೆ. ಗೋಡೆ ಹಿಡಿದು ನಡೆದರೆ ಓಣಿಯವರು "ಹಗಲ್ಹೊತ್ತಿನಾಗ ಸೇಂದಿ ಏರಿಸ್ಯಾಳ" ಎಂದು ನಕ್ಕರು. ಆ ಮಾತನ್ನು ಹೇಗೋ ನುಂಗಿಕೊಂಡಳು. ಭಾರತಿಯನ್ನು ಮಾತ್ರ ಸಹಿಸಲಾಗಲಿಲ್ಲ.

ಭಾರತಿ ಅವಳ ಮೈದುನನ ಹೆಂಡತಿ. ಹೊಲಿಗೆ ಕಲಿತದ್ದು ಅಯ್ಯಮ್ಮನ ಪಕ್ಕದಲ್ಲೇ ಕೂತು. ಈಗ ಊರಿನ ಹಳೆ ಸೀರೆಗಳೆಲ್ಲ ಅವಳ ಬಾಗಿಲಿಗೆ. ಕೊನೆಗೆ ಅಯ್ಯಮ್ಮನ ಮಗಳು ಕವಿತಾಳ ಚೊಚ್ಚಲ ಕೂಸಿನ ಕೌದಿಯೂ ಅವಳ ಕೈಗೇ ಹೋಯಿತು. ದೇವರು ಕಣ್ಣು ಕೆಡಿಸುವುದೇ ಆಗಿದ್ದರೆ ಇವಳದ್ದು ಕೆಡಿಸಬಾರದಿತ್ತೇ ಎಂದು ಅಯ್ಯಮ್ಮನಿಗೆ ಅನ್ನಿಸಿತು.

ಯಾದಗಿರಿಯ ಡಾಕ್ಟರೊಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ಮುಖವನ್ನು ಬಲಕ್ಕೆ ತಿರುಗಿಸಿ ಎಡಗಡೆಯ ಓರೆಗಣ್ಣಿನಲ್ಲಿ ನೋಡಿದರೆ ಗುಡ್ಡೆಗಳ ಅದುರು ತಗ್ಗುತ್ತದೆ, ಎದುರಿಗಿರುವುದು ಅಲುಗದೆ ಕಾಣುತ್ತದೆ. ಇಡೀ ಕೌದಿ ಹೊಲಿಯುವಷ್ಟು ಹೊತ್ತು ಹಾಗೆ ಕೂರಲಾಗದು, ನಾಲ್ಕು ಹೊಲಿಗೆಗೆ ಸಾಕು. ಅಯ್ಯಮ್ಮ ಇದನ್ನು ಯಾರಿಗೂ ಹೇಳಲಿಲ್ಲ. ಭಾರತಿಯ ಕನಿಕರ ಅವಳಿಗೆ ಬೇಕಿರಲಿಲ್ಲ.

ಕೌದಿ ಹಸಿದಿರಬಾರದೆಂದು ಕೊನೆಯಲ್ಲಿ ಒಂದು ಸಂದಿ ಬಿಟ್ಟು, ಅದರೊಳಗೆ ಹೋಳಿಗೆಯ ಚೂರಿಟ್ಟು ಹೊಲಿದುಬಿಡುವುದು ನಮ್ಮ ಕಡೆಯ ರೂಢಿ. ಹೊಟ್ಟೆ ತುಂಬುವುದು ಅನ್ನುತ್ತೇವೆ. ಅಷ್ಟಾದರೂ ತನ್ನ ಕೈಯಿಂದ ಆಗಲಿ ಎಂದು ಅಯ್ಯಮ್ಮ ಒಳಗೊಳಗೇ ಹಂಬಲಿಸುತ್ತಿದ್ದಳು. ಕೇಳಲು ಮಾತ್ರ ಬಿಗುಮಾನ.

ಭಾರತಿ ತಾನಾಗಿಯೇ ಬಂದಳು. ಕೌದಿ ಹಾಸಿ, ದಾರ ಪೋಣಿಸಿದ ಸೂಜಿ ಚಾಚಿ, "ಅಕ್ಕಾ, ಹೊಟ್ಟಿ ನೀವ ತುಂಬ್ರಿ. ನಿಮ್ಮ ಮೊಮ್ಮಗಂದು ಅದ," ಎಂದಳು.

ಸೂಜಿ ಕಾಣಲೆಂದು ಅಯ್ಯಮ್ಮ ಮುಖ ಬಲಕ್ಕೆ ತಿರುಗಿಸಿದಳು.

ಚಾಚಿದ ಕೈ ಹಿಂದೆ ಸರಿಯಿತು. "ಮಾರಿ ಯಾಕ ತಿರುವ್ತೀರಿ? ಒಲ್ಲೆ ಅಂದ್ರ ಒಲ್ಲೆ ಅಂತ ಬಾಯಿಬಿಟ್ಟು ಹೇಳ್ರಿ," ಎಂದಳು ಭಾರತಿ. ಹೋಳಿಗೆಯ ಚೂರನ್ನು ತಾನೇ ಒಳಗಿಟ್ಟು ಹೊಲಿಯತೊಡಗಿದಳು.

ಸೂಜಿ ಕಾಣಲೆಂದೇ ತಿರುಗಿಸಿದೆ ಎಂದಿದ್ದರೆ ಸಾಕಿತ್ತು. ಆದರೆ ಆ ಓರೆನೋಟಕ್ಕೆ ಭಾರತಿಯ ಹೊಲಿಗೆಗಳು ಮೊದಲ ಸಲ ಅಲುಗದೆ ಕಂಡವು. ಬಿತ್ತಿದ ಜೋಳದ ಸಾಲಿನ ಹಾಗೆ ನೆಟ್ಟಗಿದ್ದವು, ಅಯ್ಯಮ್ಮ ಹಿಂದೆ ಹೊಲಿದವಕ್ಕಿಂತಲೂ ನೆಟ್ಟಗೆ. ಹೊಟ್ಟೆಕಿಚ್ಚು ಅವಳ ನಾಲಿಗೆಯನ್ನೇ ಕಟ್ಟಿಹಾಕಿತು. ಸಂದಿ ಪೂರ್ತಿ ಮುಚ್ಚುವವರೆಗೂ ಮುಖ ತಿರುಗಿಸಿಕೊಂಡೇ ಕೂತು ನೋಡಿದಳು.