ಸಮುದ್ರಕ್ಕೊಂದು ಏರಿ

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಕರಾವಳಿಯಲ್ಲಿ ಹಾಳುಬಿದ್ದಿದ್ದ ಒಂದು ಜೌಗು ಭೂಮಿಯನ್ನು ಮೊದಲಿನಂತೆ ಮಾಡುವ ಯೋಜನೆ ನಮ್ಮ ಪಾಲಿಗೆ ಬಂತು. ಉಬ್ಬರದಲ್ಲಿ ಸಮುದ್ರದ ನೀರು ಒಳಗೆ ಬಂದು, ಇಳಿತದಲ್ಲಿ ವಾಪಸು ಹೋದರೆ ಮಾತ್ರ ಅಂಥ ಜಾಗಕ್ಕೆ ಜೀವ. ನಮ್ಮ ಸಾಹೇಬರೋ, ಹುಟ್ಟಿದಾಗಿನಿಂದ ಕೆರೆ ಬಿಟ್ಟು ಬೇರೆ ನೀರು ಕಂಡವರಲ್ಲ. ಸುತ್ತ ಏರಿ ಹಾಕಿ, ಒಂದು ತೂಬು ಇಡಿ ಎಂದುಬಿಟ್ಟರು.

"ಏರಿ ಹಾಕಿದ್ರೆ ನೀರು ಬಂದು ಹೋಗೋದು ಹ್ಯಾಗೆ ಸಾರ್?" ಎಂದೆ.

"ಬಂದ ನೀರನ್ನ ಯಾಕ್ರೀ ಹೋಗೋಕೆ ಬಿಡ್ಬೇಕು? ಬುದ್ಧಿ ಇರೋರು ಹಿಡಿದಿಟ್ಕೋತಾರೆ."

ಸುತ್ತ ಕೂತಿದ್ದವರೆಲ್ಲ ತಲೆಯಾಡಿಸಿದರು. ಸಂಬಳ ತಗೊಳ್ಳುತ್ತಿದ್ದದ್ದೇ ಅದಕ್ಕೆ. ಅವರಲ್ಲೊಬ್ಬ ಮಹಾ ಬುದ್ಧಿವಂತ, ಏರಿಯ ಮೇಲೆ ಕಲ್ಲುಬೆಂಚು ಹಾಕಿದರೆ ಸಂಜೆ ಗಾಳಿಗೆ ಕೂರಬಹುದು ಎಂದ. ಅದನ್ನೂ ನಕ್ಷೆಯಲ್ಲಿ ತೋರಿಸಲು ಹೇಳಿದರು.

ನಾನು ಸುಮ್ಮನಿರಲಾರದೆ, ಆ ನೀರು ದಿನಾ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತದೆ ಎಂದೆ.

"ಸಮುದ್ರಕ್ಕೂ ಟೈಮ್ ಟೇಬಲ್ ಇದೆಯೇನ್ರೀ?" ಎಂದು ಸಾಹೇಬರು ನಕ್ಕರು. ಎಲ್ಲರೂ ನಕ್ಕರು.

ನಗುತ್ತಲೇ ವಾಚು ನೋಡಿಕೊಂಡ ಸಾಹೇಬರು ದಡಬಡಿಸಿ ಎದ್ದರು. "ಅಯ್ಯೋ, ನಲ್ಲೀಲಿ ನೀರು ಬರೋ ಹೊತ್ತಾಯ್ತು! ಆಮೇಲೆ ನಿಂತುಹೋಗತ್ತೆ."

ಎಲ್ಲರ ಮನೆಯೂ ಅಲ್ಲೇ ಆಸುಪಾಸಿನಲ್ಲಿತ್ತು. ನೀರಿಗೂ ಬಂದು ಹೋಗುವ ಹೊತ್ತಿರುತ್ತದೆ ಎಂದರೆ ನಕ್ಕಿದ್ದ ಆ ಮಹಾನುಭಾವರು, ಅದೇ ಹೊತ್ತು ಎಲ್ಲಿ ತಪ್ಪಿಹೋಗುತ್ತದೋ ಎಂದು ಒಬ್ಬರನ್ನೊಬ್ಬರು ತಳ್ಳಿಕೊಂಡು ಮೆಟ್ಟಿಲಿಳಿದರು.