ಹಳದಿ ಮುಚ್ಚಳದ ಕೂಸು

ಎತ್ತರಕ್ಕೆ ತಕ್ಕ ಮೈಯಿಲ್ಲ, ಓದಿಗೆ ತಕ್ಕ ಕೆಲಸವಿಲ್ಲ, ಕೆಲಸಕ್ಕೆ ತಕ್ಕ ಸಂಬಳವಿಲ್ಲ. ಆದರೂ ತಕ್ಕಡಿಯ ಮುಂದೆ ನಿಂತಾಗ ಮಾತ್ರ ತಾನು ತೂಕದ ಮನುಷ್ಯ ಎಂದು ಅವನು ನಂಬಿಕೊಂಡಿದ್ದ. ಅವನು ತೂಗುತ್ತಿದ್ದದ್ದು ಕೂಸುಗಳನ್ನು. ಅವು ದಿನಾ ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದು ಆ ಭ್ರಮೆಯನ್ನು ತೊಳೆಯುತ್ತಿದ್ದವು.

ಅವನು ಕೆಲಸಕ್ಕಿದ್ದ ಆರೋಗ್ಯ ಕೇಂದ್ರದಲ್ಲಿ ನಡೆಯುತ್ತಿದ್ದದ್ದು ಕೂಸುಗಳ ಆಹಾರದ ಪರೀಕ್ಷೆ. ಪುಡಿ ಎರಡು ಬಗೆ; ಒಂದರ ಡಬ್ಬಿಗೆ ಹಳದಿ ಮುಚ್ಚಳ, ಇನ್ನೊಂದಕ್ಕೆ ನೀಲಿ. ಯಾವುದು ಹೊಸತು, ಯಾವುದು ಹಳತು ಎಂದು ತೂಗುವ ಇವನಿಗಾಗಲಿ ತಿನ್ನಿಸುವ ತಾಯಂದಿರಿಗಾಗಲಿ ಹೇಳಿರಲಿಲ್ಲ. ಯಾರಿಗೆ ಯಾವ ಡಬ್ಬಿ ಎಂಬುದನ್ನೂ ಚೀಟಿ ಎತ್ತಿಯೇ ತೀರ್ಮಾನಿಸಿದ್ದರು. ಇವನ ಅಕ್ಕನ ಮಗಳಿಗೆ ಹಳದಿ ಬಂದಿತ್ತು.

ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದರೆ ಒಲೆಯ ಪಕ್ಕದಲ್ಲಿ ನೀಲಿ ಮುಚ್ಚಳ ಕೂತಿತ್ತು. ಇದೆಲ್ಲಿಂದ ಬಂತೆಂದು ಅಕ್ಕನನ್ನು ಕೇಳಿದ. ಪಕ್ಕದ ಮನೆಯ ಕೂಸು ನೀಲಿ ಡಬ್ಬಿಯದು, ಗುಂಡುಗುಂಡಗಿತ್ತು. ಅದರ ತಾಯಿಗೋ ಆ ಪುಡಿಯ ವಾಸನೆ ಹಿಡಿಸುತ್ತಿರಲಿಲ್ಲ. ಇಬ್ಬರೂ ಸೇರಿ ಡಬ್ಬಿ ಅದಲುಬದಲು ಮಾಡಿಕೊಂಡಿದ್ದರು.

"ಹೇಳ್ಬೇಡ ಕಣೋ," ಅಂದಳು ಅಕ್ಕ. "ನಿನ್ನ ಸೊಸೆ ದಪ್ಪ ಆದ್ರೆ ನಿಂಗೇನು ಹೊಟ್ಟೆಕಿಚ್ಚಾ?"

ಆ ತಿಂಗಳೇ ಅವನ ಕೆಲಸ ಕಾಯಂ ಆಗುವುದಿತ್ತು. ಹೇಳಿದರೆ ಸೊಸೆಯನ್ನು ಹೊರಗೆ ಹಾಕಿಯಾರು, ಜೊತೆಗೆ ಅವಳ ಮಾವನನ್ನೂ. ಹೇಳದಿದ್ದರೆ ಇಡೀ ಪರೀಕ್ಷೆಯೊಳಗೆ ಒಂದು ಸುಳ್ಳು ಬೆಚ್ಚಗೆ ಕೂತುಬಿಡುತ್ತಿತ್ತು. ಸೋಮವಾರ ಅವನು ಪರೀಕ್ಷೆಯ ಲೆಕ್ಕ ನೋಡುವ ಮೇಡಂ ಅವರ ಕೋಣೆಯ ಬಾಗಿಲಲ್ಲಿ ನಿಂತು, ಮೊದಲು ಕೆಮ್ಮಿ, ಆಮೇಲೆ ಬಿಸಿಲಿನ ಬಗ್ಗೆ ಮಾತಾಡಿ, ಕೊನೆಗೆ ಎಲ್ಲವನ್ನೂ ಕಕ್ಕಿಬಿಟ್ಟ. ಎರಡೂ ಕೂಸುಗಳನ್ನು ಲೆಕ್ಕದಿಂದ ತೆಗೆದುಬಿಡೋಣವೇ, ಇಲ್ಲ ಗುಂಪು ಬದಲಿಸೋಣವೇ ಎಂದು ತನ್ನ ಬುದ್ಧಿವಂತಿಕೆಯನ್ನೂ ಸೇರಿಸಿದ.

"ಎರಡೂ ಬೇಡಪ್ಪ," ಅಂದರು ಮೇಡಂ. "ಚೀಟಿ ಎತ್ತಿದಾಗ ಯಾವ ಗುಂಪೋ, ಕೊನೇವರೆಗೂ ಅದೇ. ಅದಲುಬದಲಾಗಿದ್ದನ್ನ ಬರೆದಿಡೋಣ. ನಮಗೆ ಬೇಡವಾದವ್ರನ್ನ ತೆಗೀತಾ ಹೋದ್ರೆ ಚೀಟಿ ಯಾಕೆ ಎತ್ತಬೇಕಿತ್ತು?"

ತಪ್ಪು ತನ್ನದೂ ಇದೆ, ಎರಡೇ ಬಣ್ಣ ಇಟ್ಟರೆ ಬೀದಿಯೆಲ್ಲ ಕಣ್ಣಳತೆಯಲ್ಲೇ ತೀರ್ಪು ಕೊಡುತ್ತದೆ, ಮುಂದಿನ ಸಲ ಎಲ್ಲ ಮುಚ್ಚಳವೂ ಬಿಳಿ ಎಂದರು. ಇನ್ನು ಮೇಲೆ ಸೊಸೆಯನ್ನು ನರ್ಸಮ್ಮ ತೂಗಲಿ ಎಂದೂ ಹೇಳಿದರು.

"ಮಾವನ ಕೈ ಸ್ವಲ್ಪ ಭಾರ ಇರುತ್ತೆ."

ತಿಂಗಳ ಕೊನೆಗೆ ಕೆಲಸ ಕಾಯಂ ಆಯಿತು. ಅಕ್ಕ ಮಾತ್ರ ಪರೀಕ್ಷೆ ಮುಗಿಯುವವರೆಗೂ ಮಾತು ಬಿಟ್ಟಳು. ಕೊನೆಗೆ ಡಬ್ಬಿಗಳ ಗುಟ್ಟು ಬಿಚ್ಚಿ ನೋಡಿದರೆ ಎರಡು ಪುಡಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಇವನು ಓಡಿಹೋಗಿ ಅಕ್ಕನಿಗೆ ಹೇಳಿದ. ಅವಳು ಸೊಂಟದ ಮೇಲಿದ್ದ ಗುಂಡು ಮಗಳನ್ನು ಇವನ ತೋಳಿಗೆ ದಾಟಿಸಿ, "ಹಾಗಾದ್ರೆ ಇದು ನನ್ನ ಕೈಗುಣ ಅನ್ನು," ಅಂದಳು.

ಸೊಸೆ ಯಾರ ಪರವನ್ನೂ ವಹಿಸದೆ ಮಾವನ ಹೊಸ ಅಂಗಿಯನ್ನು ಒದ್ದೆ ಮಾಡಿದಳು.